ನೀರಿನಂತೆ ಕಾಣುವ ಹೈಡ್ರಜೀನ್

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



"ವಿಜ್ಞಾನದ ಮ್ಯಾಲೆ ಏನಾರ ಮಾತಾಡ್ರಿ, ಆದ್ರ ಹುಡುಗರಿಗೆ ನಿದ್ದಿ ಬರಬಾರದು" ಎಂದು ಸಮಿತಿಯವರು ಷರತ್ತು ಹಾಕಿಯೇ ನನ್ನನ್ನು ಕರೆದಿದ್ದಾರೆ. ವಿದ್ಯಾರ್ಥಿಗಳಿಂದ ಪ್ರಶ್ನೆಗಳನ್ನೂ ಬರೆಸಿ ಕಳಿಸಿದ್ದರು. ಅದರಲ್ಲಿ ಒಂದು ಪ್ರಶ್ನೆ, ಚಂದ್ರಯಾನದ ರಾಕೆಟ್ ಯಾವ ಇಂಧನದ ಮೇಲೆ ಓಡುತ್ತದೆ ಎಂಬುದು. ನಾನು ಇಸ್ರೋದವನಲ್ಲ. ಗದಗಿನಲ್ಲಿ ಬಿ.ಎಸ್ಸಿ. ಮುಗಿಸಿ, 32 ವರ್ಷ ಬಾಯ್ಲರ್ ನೀರು ಪರೀಕ್ಷೆ ಮಾಡಿದ ಕೆಮಿಸ್ಟ್. ಆದರೆ ಈ ಪ್ರಶ್ನೆಯ ಉತ್ತರದಲ್ಲಿ ಬರುವ ಒಂದು ವಸ್ತು ನನ್ನ ಕೆಲಸದ ಜಾಗದಲ್ಲೂ ಇತ್ತು. ಅದರ ಹೆಸರು ಹೈಡ್ರಜೀನ್. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಈ ಹಬ್ಬಕ್ಕೂ ಆ ವಸ್ತುವಿಗೂ ಒಂದು ನಂಟಿದೆ. ನಮ್ಮ ಶಾಲೆ ಶುರುವಾದದ್ದು 1975ರಲ್ಲಿ. ಅದೇ ವರ್ಷ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹ ಆರ್ಯಭಟ ಆಕಾಶಕ್ಕೆ ಹೋಯಿತು. ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅದನ್ನು ಕಟ್ಟಿದರು. ಅದನ್ನು ಎತ್ತಿ ಒಯ್ಯುವ ರಾಕೆಟ್ ಆಗ ನಮ್ಮಲ್ಲಿರಲಿಲ್ಲ. ಸೋವಿಯತ್ ಒಕ್ಕೂಟದ ಕಾಸ್ಮೊಸ್-3ಎಂ ರಾಕೆಟ್ ಅದನ್ನು ಒಯ್ದಿತು. ಆ ರಾಕೆಟ್ಟಿನಲ್ಲಿ ಉರಿದದ್ದು ಹೈಡ್ರಜೀನ್ ಮನೆತನಕ್ಕೇ ಸೇರಿದ ಯುಡಿಎಂಎಚ್ ಎಂಬ ದ್ರವ.

ಹೈಡ್ರಜೀನ್ ಅಂದರೇನು? ದನದ ಕೊಟ್ಟಿಗೆಯನ್ನು ಎರಡು ದಿನ ಬಳಿಯದೆ ಬಿಟ್ಟರೆ ಮೂಗಿಗೆ ಬಡಿಯುವ ಘಾಟು ನಿಮಗೆಲ್ಲ ಗೊತ್ತು. ಅದು ಅಮೋನಿಯ. ಅಮೋನಿಯದ ಒಂದು ಅಣುವಿನಲ್ಲಿ ಒಂದು ನೈಟ್ರೋಜನ್, ಮೂರು ಹೈಡ್ರೋಜನ್. ಅಂಥ ಎರಡು ಅಣುಗಳಿಂದ ಒಂದೊಂದು ಹೈಡ್ರೋಜನ್ ಕಿತ್ತು, ಉಳಿದ ಎರಡು ತುಂಡುಗಳನ್ನು ಬೆಸೆದರೆ ಹೈಡ್ರಜೀನ್ ಆಗುತ್ತದೆ: ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಆ ಎರಡು ನೈಟ್ರೋಜನ್ನುಗಳ ನಡುವಿನ ಬೆಸುಗೆ ಬಹಳ ಸಡಿಲ. ಅದು ಬಿಚ್ಚಿಕೊಳ್ಳಲು ಸದಾ ತಯಾರಾಗಿ ಕೂತಿರುತ್ತದೆ, ಬಿಚ್ಚಿಕೊಂಡಾಗ ಶಾಖ ಹೊರಬರುತ್ತದೆ. ಅದರ ಉಪಯೋಗಕ್ಕೂ ಅಪಾಯಕ್ಕೂ ಮೂಲ ಈ ಸಡಿಲ ಬೆಸುಗೆಯೇ.

ಈಗ ಅದರ ರೂಪ ಕೇಳಿರಿ. ಬಣ್ಣವಿಲ್ಲ. ಒಂದು ಲೀಟರಿನ ತೂಕ ಹೆಚ್ಚುಕಡಿಮೆ ಒಂದು ಕಿಲೋ, ನೀರಿನಷ್ಟೇ. ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ ಇದು ಸುಮಾರು 2 ಡಿಗ್ರಿಯಲ್ಲಿ. ನೀರು 100 ಡಿಗ್ರಿಯಲ್ಲಿ ಕುದಿದರೆ ಇದು ಸುಮಾರು 114 ಡಿಗ್ರಿಯಲ್ಲಿ. ಎರಡು ಲೋಟ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊತ್ತಿಕೊಂಡರೆ ಅದರ ಜ್ವಾಲೆಯೂ ಹಗಲಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ಈ ಹೆಸರು ಕೊಟ್ಟವರು ಜರ್ಮನಿಯ ಎಮಿಲ್ ಫಿಷರ್. 1875ರಲ್ಲಿ ಅವರು ಫಿನೈಲ್ ಹೈಡ್ರಜೀನ್ ಎಂಬ ವಸ್ತುವನ್ನು ಕಂಡುಹಿಡಿದರು. ಅದರ ಸಹಾಯದಿಂದಲೇ ಗ್ಲುಕೋಸ್, ಫ್ರುಕ್ಟೋಸ್ ಮೊದಲಾದ ಸಕ್ಕರೆಗಳ ರಚನೆಯ ಕಗ್ಗಂಟು ಬಿಡಿಸಿ 1902ರ ನೊಬೆಲ್ ಪ್ರಶಸ್ತಿ ಪಡೆದರು. ಬಿ.ಎಸ್ಸಿ. ಓದಿದವರಿಗೆ ಓಸಜೋನ್ ಪರೀಕ್ಷೆಯ ಹಳದಿ ಹರಳುಗಳು ನೆನಪಿರಬಹುದು. ಅದು ಫಿಷರ್ ಅವರ ಕೊಡುಗೆ. ಆದರೆ ಅದೇ ಫಿನೈಲ್ ಹೈಡ್ರಜೀನ್ ವರ್ಷಗಟ್ಟಲೆ ಮೈಗೆ ಸೇರಿ ಅವರ ಆರೋಗ್ಯವನ್ನು ಕೆಡಿಸಿತು. ಅಷ್ಟು ದೊಡ್ಡ ಪಂಡಿತರಿಗೂ ವಿಷ ಒಳಗೆ ಹೋಗುತ್ತಿದೆ ಎಂದು ಗೊತ್ತಾದದ್ದು ಕಾಯಿಲೆ ಬಂದ ಮೇಲೆ. ಬರಿಯ ಹೈಡ್ರಜೀನ್‌ನ ಲವಣವನ್ನು 1887ರಲ್ಲಿ ಮೊದಲು ತಯಾರಿಸಿದವರು ಥಿಯೋಡೋರ್ ಕರ್ಟಿಯಸ್.

ಮುಂದೆ ಸುಮಾರು ಐವತ್ತು ವರ್ಷ ಅದು ಪ್ರಯೋಗಾಲಯದ ಕಪಾಟಿನಲ್ಲೇ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಕೋಮೆಟ್ ಎಂಬ ರಾಕೆಟ್ ವಿಮಾನ ಮಾಡಿದರು. ಅದರ ಒಂದು ಟ್ಯಾಂಕಿನಲ್ಲಿ ಹೈಡ್ರಜೀನ್ ಹೈಡ್ರೇಟ್ ಮತ್ತು ಮೆಥನಾಲ್ ಬೆರಸಿದ ದ್ರವ, ಇನ್ನೊಂದರಲ್ಲಿ ಗಟ್ಟಿ ಹೈಡ್ರೋಜನ್ ಪೆರಾಕ್ಸೈಡ್. ಎರಡೂ ಕೂಡಿದರೆ ಸಾಕು, ಕಡ್ಡಿ ಗೀರದೆಯೇ ಬೆಂಕಿ. ಅದಕ್ಕೇ ಅವೆರಡನ್ನು ತುಂಬುವ ಟ್ಯಾಂಕರುಗಳನ್ನು ಒಂದೇ ಹೊತ್ತಿಗೆ ವಿಮಾನದ ಹತ್ತಿರ ಬಿಡುತ್ತಿರಲಿಲ್ಲ.

ರಾಕೆಟ್ಟಿನವರಿಗೆ ಬೇಕಾದದ್ದು ಈ ಗುಣವೇ. ಕಿಡಿ ಹಚ್ಚುವ ಸಾಧನ ಕೈಕೊಡಬಹುದು, ಆದರೆ ಕೂಡಿದೊಡನೆ ಹೊತ್ತುವ ದ್ರವಗಳು ಕೈಕೊಡುವುದಿಲ್ಲ. ದ್ರವ ಆಮ್ಲಜನಕದ ಹಾಗೆ ಅತಿ ಶೀತದಲ್ಲಿ ಇಡುವ ತೊಂದರೆಯೂ ಇಲ್ಲ. ಟ್ಯಾಂಕಿನಲ್ಲಿ ತುಂಬಿ ತಿಂಗಳುಗಟ್ಟಲೆ ಇಡಬಹುದು. 1974ರಲ್ಲಿ ಫ್ರಾನ್ಸ್ ಜೊತೆ ಆದ ಒಪ್ಪಂದದಿಂದ ನಮ್ಮವರು ಕಲಿತು ಕಟ್ಟಿದ ವಿಕಾಸ್ ಎಂಜಿನ್ ನಡೆಯುವುದು ಇದೇ ಬಗೆಯ ಇಂಧನದಿಂದ. ಇವತ್ತು ಅದಕ್ಕೆ ಹಾಕುವುದು ಮುಕ್ಕಾಲು ಪಾಲು ಯುಡಿಎಂಎಚ್, ಕಾಲು ಪಾಲು ಹೈಡ್ರಜೀನ್ ಹೈಡ್ರೇಟ್. ಎದುರು ಟ್ಯಾಂಕಿನಲ್ಲಿ ನೈಟ್ರೋಜನ್ ಟೆಟ್ರಾಕ್ಸೈಡ್. ಪಿಎಸ್‌ಎಲ್‌ವಿಯ ಎರಡನೆಯ ಹಂತ ಇದರಿಂದಲೇ ಓಡುತ್ತದೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತ ಎಲ್‌ವಿಎಂ3 ರಾಕೆಟ್ಟಿನ ನಡುವಿನ ಹಂತದಲ್ಲಿ ಎರಡು ವಿಕಾಸ್ ಎಂಜಿನ್‌ಗಳಿದ್ದವು. ಆ ಒಂದು ಹಂತಕ್ಕೇ 110 ಟನ್ನಿಗೂ ಮೇಲ್ಪಟ್ಟು ಈ ದ್ರವಗಳು ಬೇಕು. ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಮೆಲ್ಲಗೆ ಇಳಿಯುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅದರ ವೇಗ ತಗ್ಗಿಸಿದ ಎಂಜಿನ್‌ಗಳಲ್ಲಿ ಉರಿದದ್ದು ಮೋನೋ ಮಿಥೈಲ್ ಹೈಡ್ರಜೀನ್, ಇದೇ ಮನೆತನದ ಇನ್ನೊಂದು ಕೂಸು. ಪ್ರಶ್ನೆ ಕೇಳಿದ ಮಗುವಿಗೆ ಅರ್ಧ ಉತ್ತರ ಸಿಕ್ಕಿತು ಎಂದುಕೊಳ್ಳುತ್ತೇನೆ. ಉಳಿದರ್ಧ ಮುಂದೆ ಬರುತ್ತದೆ.

ಮೇಲೆ ಹೋದ ಉಪಗ್ರಹಕ್ಕೂ ಇದು ಬೇಕು. ನಮ್ಮ ಬೆಳೆ, ಕೆರೆ, ಕಪ್ಪತಗುಡ್ಡದ ಕಾಡು ಎಲ್ಲವನ್ನೂ ಮೇಲಿನಿಂದ ನೋಡಿ ಚಿತ್ರ ಕಳಿಸುವ ಐಆರ್‌ಎಸ್ ಸಾಲಿನ ಉಪಗ್ರಹಗಳಲ್ಲಿ ಬರಿ ಹೈಡ್ರಜೀನ್ ತುಂಬಿದ ಟ್ಯಾಂಕಿತ್ತು. ಇರಿಡಿಯಂ ಲೋಹ ಲೇಪಿಸಿದ ಕಾಳುಗಳ ಮೇಲೆ ಅದನ್ನು ಹರಿಸಿದರೆ ಸಡಿಲ ಬೆಸುಗೆ ಬಿಚ್ಚಿ, ಬಿಸಿ ಅನಿಲವಾಗಿ ನುಗ್ಗುತ್ತದೆ. ಆ ಸಣ್ಣ ಒದೆತದಿಂದ ಉಪಗ್ರಹ ತನ್ನ ಮುಖ ತಿರುಗಿಸಿಕೊಳ್ಳುತ್ತದೆ. ಇಂಧನ ಮುಗಿದರೆ ಉಪಗ್ರಹದ ಆಯುಷ್ಯವೂ ಮುಗಿಯಿತು. ನಮ್ಮ ಹಾಸನದಲ್ಲಿ 1982ರಲ್ಲಿ ಮುಖ್ಯ ನಿಯಂತ್ರಣ ಕೇಂದ್ರ ಶುರುವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ದಿಕ್ಕು ಸರಿಪಡಿಸಿಕೊಳ್ಳುವ ಇಂಧನ ಬರಿದಾಗಿ ಸೆಪ್ಟೆಂಬರಿನಲ್ಲೇ ಸತ್ತಿತು. 

ಇಷ್ಟು ಇಂಧನ ಎಲ್ಲಿ ತಯಾರಾಗುತ್ತದೆ? ಆಂಧ್ರದ ತಣುಕು ಎಂಬ ಊರಿನಲ್ಲಿ ಆಂಧ್ರ ಶುಗರ್ಸ್ ಎಂಬ ಕಂಪನಿ ಇದೆ. ಹೆಸರೇ ಹೇಳುವಂತೆ ಕಬ್ಬು ಅರೆದು ಸಕ್ಕರೆ ಮಾಡುವ ಕಂಪನಿ. 1980ರ ದಶಕದಿಂದ ಅದೇ ಕಂಪನಿ ಇಸ್ರೋಗೆ ಯುಡಿಎಂಎಚ್ ಮಾಡಿಕೊಡುತ್ತ ಬಂದಿದೆ. ಮುಂಡರಗಿ ತಾಲೂಕಿನ ರೈತರೂ ಕಬ್ಬು ಬೆಳೆಯುತ್ತಾರೆ, ನಮ್ಮಲ್ಲೂ ಸಕ್ಕರೆ ಕಾರ್ಖಾನೆ ಇದೆ. ರಾಕೆಟ್ ವಿಜ್ಞಾನ ನಮಗೆ ನಿಲುಕದ್ದು ಎಂದು ಯಾರೂ ತಿಳಿಯಬಾರದೆಂದು ಇದನ್ನು ಹೇಳಿದೆ. ಹೈಡ್ರಜೀನ್ ಹೈಡ್ರೇಟ್ ಮಾತ್ರ ಬಹಳ ಕಾಲ ಹೊರದೇಶದಿಂದಲೇ ಬರುತ್ತಿತ್ತು. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ವಿಧಾನದಿಂದ ಗುಜರಾತಿನ ದಹೇಜ್‌ನಲ್ಲಿ ವರ್ಷಕ್ಕೆ 10,000 ಟನ್ ಸಾಮರ್ಥ್ಯದ ಕಾರ್ಖಾನೆ ಈಚೆಗೆ ಎದ್ದಿದೆ.

ಇಷ್ಟೊಂದು ಹೈಡ್ರಜೀನ್ ರಾಕೆಟ್ಟಿಗೇ ಬೇಕಿಲ್ಲ. ನಿಮ್ಮ ಕಾಲಿನ ಹಗುರ ಚಪ್ಪಲಿಯ ಅಡಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಅಂಥ ಗುಳ್ಳೆ ಎಬ್ಬಿಸುವ ಪುಡಿಯನ್ನು ಇದರಿಂದ ಮಾಡುತ್ತಾರೆ. ಔಷಧ, ಕೃಷಿ ರಾಸಾಯನಿಕಗಳಿಗೂ ಇದು ಕಚ್ಚಾವಸ್ತು. ಇನ್ನೊಂದು ಉಪಯೋಗ ಬಾಯ್ಲರಿನಲ್ಲಿ. ಅಲ್ಲಿ ನನಗೂ ಅದಕ್ಕೂ ಪರಿಚಯ.

ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ಲೀಟರಿಗೆ ಸುಮಾರು 8 ಮಿಲಿಗ್ರಾಂ. ಮೀನು ಬದುಕುವುದು ಅದರಿಂದಲೇ. ಆದರೆ ಬಾಯ್ಲರಿನ ಕೊಳವೆಗೆ ಅದೇ ಮೃತ್ಯು. ಬಿಸಿ ನೀರಿನಲ್ಲಿ ಅದು ಉಕ್ಕನ್ನು ತಿಂದು ಸೂಜಿ ಚುಚ್ಚಿದಂತೆ ತೂತು ಮಾಡುತ್ತದೆ. ಮೊದಲು ನೀರನ್ನು ಕಾಯಿಸಿ ಬಹುಪಾಲು ಆಮ್ಲಜನಕ ಹೊರಗಟ್ಟುತ್ತಾರೆ. ಉಳಿದ ಚೂರುಪಾರನ್ನು ಹಿಡಿಯಲು ಹೆಚ್ಚು ಒತ್ತಡದ ಬಾಯ್ಲರುಗಳಲ್ಲಿ ಹೈಡ್ರಜೀನ್ ಹಾಕುತ್ತಾರೆ. ಲೆಕ್ಕ ಬಹಳ ಸುಲಭ. ಒಂದು ಕಿಲೋ ಆಮ್ಲಜನಕಕ್ಕೆ ಒಂದು ಕಿಲೋ ಹೈಡ್ರಜೀನ್. ಎರಡೂ ಕೂಡಿ ನೈಟ್ರೋಜನ್ ಮತ್ತು ನೀರಾಗುತ್ತವೆ, ಉಪ್ಪಿನ ಕಸ ಉಳಿಯುವುದಿಲ್ಲ. ಅದು ಬಾಯ್ಲರಿನಲ್ಲಿದೆಯೇ ಎಂದು ನೋಡಲು ನೀರಿನ ಮಾದರಿಗೆ ಒಂದು ದ್ರಾವಣ ಬೆರಸಿ, ಎಷ್ಟು ಹಳದಿಯಾಯಿತು ಎಂದು ಅಳೆಯುತ್ತಿದ್ದೆವು. ಬಾಯ್ಲರಿನೊಳಗೆ ಅದರ ಪ್ರಮಾಣ ಲೀಟರಿಗೆ ಮಿಲಿಗ್ರಾಂನ ನೂರನೆಯ ಪಾಲಿನ ಆಸುಪಾಸು. ಅಪಾಯವೆಲ್ಲ ಹೊರಗಿನ ಡ್ರಮ್ಮಿನಲ್ಲಿ ಇರುತ್ತದೆ.

ಆ ಅಪಾಯ ಎಂಥದು? ಹೈಡ್ರಜೀನ್ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಸುಡುವುದಷ್ಟೇ ಅಲ್ಲ, ಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಉಸಿರಿನಲ್ಲಿ ಹೋದರೆ ಪುಪ್ಪುಸ, ಯಕೃತ್ತು, ಮೂತ್ರಪಿಂಡ, ನರಗಳಿಗೆ ಪೆಟ್ಟು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಸೇರಿಸಿದೆ.

ಈಗ ಹೇಳುವುದು ಈ ಭಾಷಣದ ಮುಖ್ಯ ಮಾತು. ವಿದ್ಯಾರ್ಥಿಗಳು ಬರೆದುಕೊಂಡರೂ ಒಳ್ಳೆಯದು. ದಿನಕ್ಕೆ ಎಂಟು ತಾಸು ಕೆಲಸ ಮಾಡುವವನ ಉಸಿರುಗಾಳಿಯಲ್ಲಿ ಹೈಡ್ರಜೀನ್ ಸರಾಸರಿ 10 ಕೋಟಿ ಭಾಗಕ್ಕೆ 1 ಭಾಗಕ್ಕಿಂತ ಹೆಚ್ಚಿರಬಾರದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರು ಮಿತಿ ಹಾಕಿದ್ದಾರೆ. ಮನುಷ್ಯನ ಮೂಗಿಗೆ ಅದರ ಅಮೋನಿಯದಂಥ ವಾಸನೆ ಗೊತ್ತಾಗುವುದು ಯಾವಾಗ? 10 ಲಕ್ಷ ಭಾಗಕ್ಕೆ 3 ಅಥವಾ 4 ಭಾಗ ಆದಾಗ. ಭಾಗಾಕಾರ ಮಾಡಿ ನೋಡಿರಿ. ವಾಸನೆ ಬರುವ ಹೊತ್ತಿಗೆ ಗಾಳಿಯಲ್ಲಿ ಮಿತಿಗಿಂತ 300 ಪಟ್ಟು ವಿಷ ಸೇರಿರುತ್ತದೆ.

ನಮ್ಮ ಮನೆಯ ಸಿಲಿಂಡರಿನ ಗ್ಯಾಸಿಗೆ ಸ್ವತಃ ವಾಸನೆಯಿಲ್ಲ. ಸೋರಿದ್ದು ಅವ್ವಂದಿರ ಮೂಗಿಗೆ ಗೊತ್ತಾಗಲಿ ಎಂದೇ ಅದಕ್ಕೆ ದುರ್ವಾಸನೆಯ ವಸ್ತುವನ್ನು ಬೆರಸಿರುತ್ತಾರೆ. ಅಲ್ಲಿ ಮೂಗು ನಮ್ಮನ್ನು ಕಾಯುತ್ತದೆ. ಅದೇ ನಂಬಿಕೆಯನ್ನು ಕಾರ್ಖಾನೆಗೆ ತೆಗೆದುಕೊಂಡು ಹೋದರೆ ಕೆಟ್ಟೆವು. "ವಾಸನಿ ಇಲ್ಲಲ್ಲೋ ತಮ್ಮಾ, ಏನೂ ಆಗೂದಿಲ್ಲ" ಎಂಬ ಮಾತನ್ನು ನಾನು ಅನುಭವಸ್ಥರ ಬಾಯಲ್ಲೇ ಹೆಚ್ಚು ಕೇಳಿದ್ದೇನೆ. ಇಪ್ಪತ್ತು ವರ್ಷದ ಅನುಭವ ಇದ್ದರೂ ಮೂಗಿನ ಶಕ್ತಿ 300 ಪಟ್ಟು ಹೆಚ್ಚುವುದಿಲ್ಲ. ಶ್ರೀಹರಿಕೋಟದಲ್ಲಿ ಈ ಇಂಧನ ತುಂಬುವವರು ತಲೆಯಿಂದ ಕಾಲಿನವರೆಗೆ ಮುಚ್ಚುವ ಉಡುಪು ತೊಟ್ಟು, ಬೇರೆ ಗಾಳಿ ಉಸಿರಾಡುತ್ತ ಕೆಲಸ ಮಾಡುತ್ತಾರೆ. ಅವರಿಗೆ ಧೈರ್ಯ ಕಡಿಮೆ ಅಂತಲ್ಲ. ಅವರಿಗೆ ಈ ಲೆಕ್ಕ ಗೊತ್ತಿದೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಶಿರಹಟ್ಟಿ ಕಡೆಯ ಹುಡುಗ, ಗುತ್ತಿಗೆದಾರನ ಕೈಕೆಳಗೆ ಹೆಲ್ಪರ್ ಆಗಿ ಸೇರಿ ಎರಡು ತಿಂಗಳಾಗಿತ್ತು. ಯಾರೋ ಡ್ರಮ್ಮಿನಿಂದ ಹೈಡ್ರಜೀನ್ ಹೈಡ್ರೇಟನ್ನು ಐದು ಲೀಟರಿನ ಬಿಳಿ ಕ್ಯಾನಿಗೆ ಬಗ್ಗಿಸಿ ಪಂಪಿನ ಹತ್ತಿರ ಇಟ್ಟು ಹೋಗಿದ್ದರು. ಕ್ಯಾನಿನ ಮೇಲೆ ಒಂದಕ್ಷರ ಬರೆದಿರಲಿಲ್ಲ. ಬೇಸಿಗೆ ದಿನ, ಹಿಂದೆ ದೊಡ್ಡ ಫ್ಯಾನ್ ತಿರುಗುತ್ತಿತ್ತು. ಹುಡುಗ ನೀರೆಂದು ತಿಳಿದು ಅದರಿಂದ ಕೈ ತೊಳೆದ, ಟವೆಲ್ ಒದ್ದೆ ಮಾಡಿ ಕುತ್ತಿಗೆ ಒರೆಸಿಕೊಂಡ. ಸ್ವಲ್ಪ ಹೊತ್ತಿಗೆ ಉರಿ ಶುರುವಾಯಿತು. ಸಂಜೆಗೆ ವಾಂತಿ, ಮೈ ನಡುಕ, ಆಮೇಲೆ ಫಿಟ್ಸ್.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಏನ್ ತಾಗೇತಿ?" ಒಯ್ದವರು "ಬಾಯ್ಲರ್ ಕೆಮಿಕಲ್ ರೀ ಸಾಹೇಬ್ರ" ಎಂದರು. ಬಾಯ್ಲರಿಗೆ ಹತ್ತು ಬಗೆಯ ಕೆಮಿಕಲ್ ಹಾಕುತ್ತಾರೆ. ಹೆಸರು ಗೊತ್ತಿಲ್ಲದೆ ಡಾಕ್ಟರಾದರೂ ಏನು ಮಾಡಬೇಕು? ರಾತ್ರಿ ಪಾಳಿಗೆ ಬಂದ ನನಗೆ ಸುದ್ದಿ ತಿಳಿಯಿತು. ಲ್ಯಾಬಿನ ಕಪಾಟಿನಲ್ಲಿದ್ದ ಸುರಕ್ಷತಾ ಹಾಳೆಯನ್ನು ಹಿಡಿದು ಓಡಿದೆ. ಡಾಕ್ಟರು ಅದನ್ನು ಓದಿ ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್, ಸೂಜಿಯ ಮೂಲಕ ಕೊಡಲು ಶುರುಮಾಡಿದರು. ಹೈಡ್ರಜೀನ್ ನಮ್ಮ ಮೈಯಲ್ಲಿರುವ ಬಿ6 ವಿಟಮಿನ್ನನ್ನು ಹಿಡಿದು ನಿಷ್ಪ್ರಯೋಜಕ ಮಾಡುತ್ತದೆ. ಮೆದುಳಿಗೆ ಲಗಾಮು ಹಾಕುವ ಒಂದು ರಾಸಾಯನಿಕ ತಯಾರಾಗಲು ಅದು ಬೇಕು. ಲಗಾಮು ತಪ್ಪಿದರೆ ಫಿಟ್ಸ್ ಬರುತ್ತದೆ. ಅದಕ್ಕೇ ಬಿ6 ಕೊಡುವುದು. ಹುಡುಗ ಉಳಿದ. ಕೈ ಮತ್ತು ಕುತ್ತಿಗೆಯ ಚರ್ಮ ಸರಿಹೋಗಲು ಬಹಳ ದಿನ ಹಿಡಿಯಿತು.

ಆಮೇಲೆ ಬಂದ ವರದಿಯಲ್ಲಿ ಕಾರಣ ಎಂಬಲ್ಲಿ "ಕೆಲಸಗಾರನ ಅಜಾಗರೂಕತೆ" ಎಂದು ಬರೆದಿದ್ದರು. ಆ ಎರಡು ಶಬ್ದ ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತವೆ. ನೀರಿನಂತೆ ಕಾಣುವ ವಸ್ತುವನ್ನು, ನೀರಿನ ಕ್ಯಾನಿನಲ್ಲಿ, ಹೆಸರು ಬರೆಯದೆ ಇಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಹುಡುಗನಿಗೆ ಹೈಡ್ರಜೀನ್ ಎಂಬ ಹೆಸರನ್ನೇ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಸರು ಗೊತ್ತಿಲ್ಲದ್ದಕ್ಕೆ ಅವನು ಜಾಗರೂಕನಾಗಿರುವುದು ಹೇಗೆ?

ಇದು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಬೇರೆ ವಿಷ, ಮಿಥೈಲ್ ಐಸೋಸೈನೇಟ್. ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗೆ ಬಂದಾಗ ಡಾಕ್ಟರುಗಳಿಗೆ ಅದು ಯಾವ ಅನಿಲ, ಅದಕ್ಕೆ ಏನು ಚಿಕಿತ್ಸೆ ಎಂಬ ಸರಿಯಾದ ಮಾಹಿತಿ ಸಿಗಲಿಲ್ಲ. ಆ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾನೂನಿಗೆ ತಿದ್ದುಪಡಿ ಬಂತು. ತಾನು ಮಾಡುವ ಕೆಲಸದ ಅಪಾಯಗಳ ಬಗ್ಗೆ ಮಾಹಿತಿ ಕೇಳುವುದು ಕೆಲಸಗಾರನ ಹಕ್ಕು ಎಂದು ಅದರಲ್ಲಿ ಬರೆದರು. ಆದ್ದರಿಂದ ಮಕ್ಕಳೆ, "ಇದು ಏನ್ರಿ?" ಎಂದು ಕೇಳಿದರೆ ಅದು ಉದ್ಧಟತನವಲ್ಲ.

ವಿಷದ ಮಾತೇ ಹೇಳಿ ನಿಮ್ಮನ್ನು ಹೆದರಿಸಿ ಕಳಿಸಿದರೆ ನನ್ನ ಮಾತು ಅರ್ಧ ಸುಳ್ಳಾಗುತ್ತದೆ. ಈ ಹೈಡ್ರಜೀನ್‌ನಿಂದಲೇ ಲಕ್ಷಾಂತರ ಜೀವ ಉಳಿದಿವೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಎಂಬ ಔಷಧವನ್ನು ಹೈಡ್ರಜೀನ್ ಬಳಸಿ ಮಾಡುತ್ತಾರೆ. 1912ರಲ್ಲೇ ಪ್ರಾಗ್ ನಗರದಲ್ಲಿ ಇಬ್ಬರು ಅದನ್ನು ತಯಾರಿಸಿದ್ದರು, ಆದರೆ ಉಪಯೋಗ ಯಾರಿಗೂ ಗೊತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಜರ್ಮನಿಯ ರಾಕೆಟ್ ಇಂಧನವಾಗಿ ಉಳಿದ ಹೈಡ್ರಜೀನ್ ಕಡಿಮೆ ಬೆಲೆಗೆ ಸಿಕ್ಕಿತು. ಔಷಧ ಕಂಪನಿಗಳ ರಸಾಯನ ತಜ್ಞರು ಅದರಿಂದ ಹೊಸ ಹೊಸ ವಸ್ತು ಮಾಡಿ ನೋಡತೊಡಗಿದರು. 1952ರ ಹೊತ್ತಿಗೆ ಐಸೋನಿಯಾಜಿಡ್ ಕ್ಷಯದ ರೋಗಾಣುವನ್ನು ಕೊಲ್ಲುತ್ತದೆ ಎಂದು ಖಚಿತವಾಯಿತು. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಟಿ.ಬಿ. ಮಾತ್ರೆಯಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಅದರ ಜೊತೆ ಬಿ6 ವಿಟಮಿನ್ ಮಾತ್ರೆಯನ್ನೂ ಕೊಡುತ್ತಾರೆ. ಯಾಕೆಂದು ಈಗ ನಿಮಗೆ ಗೊತ್ತು. ಆ ಹುಡುಗನಿಗೆ ಕೊಟ್ಟದ್ದೂ ಅದನ್ನೇ.

ಇಲ್ಲಿ ಕೂತ ಹಿರಿಯರಲ್ಲಿ ಯಾರ ಮನೆಯಲ್ಲಾದರೂ ಟಿ.ಬಿ. ಮಾತ್ರೆ ನುಂಗುವವರಿದ್ದರೆ ನನ್ನ ಮಾತು ಕೇಳಿ ಹೆದರಿ ನಿಲ್ಲಿಸಬಾರದು. ಡಾಕ್ಟರು ಹೇಳಿದಷ್ಟು ತಿಂಗಳೂ ತಪ್ಪದೆ ನುಂಗಬೇಕು. ಅಂಗಾಲು ಜೋಮು ಹಿಡಿದರೆ, ಕಣ್ಣು ಹಳದಿಯಾದರೆ ಕೂಡಲೇ ಆಸ್ಪತ್ರೆಗೆ ಹೇಳಬೇಕು. ಆ ಅವಧಿಯಲ್ಲಿ ಸೆರೆ ಮುಟ್ಟಬಾರದು, ಯಕೃತ್ತಿಗೆ ಎರಡು ಕಡೆಯ ಪೆಟ್ಟು ಬೀಳುತ್ತದೆ. ಎಷ್ಟು, ಯಾರಿಗೆ, ಯಾವ ಎಚ್ಚರದಲ್ಲಿ ಎಂದು ಅಳೆದು ಕೊಟ್ಟಾಗ ಅದು ಔಷಧ. ಅಳೆಯದೆ ಹೆಸರಿಲ್ಲದ ಕ್ಯಾನಿನಲ್ಲಿ ಇಟ್ಟಾಗ ಅದೇ ವಿಷ.

ನಮ್ಮ ಹೊಲಮನೆಗೂ ಇದೇ ಮಾತು. ಮುಂಡರಗಿ ತಾಲೂಕಿನ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರು ನೋಡಲು ಕನ್ನಡಿಯಂತಿದ್ದರೂ ಅದರಲ್ಲಿ ಫ್ಲೋರೈಡ್ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದೆಯೇ ಎಂದು ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಮಕ್ಕಳ ಹಲ್ಲು ಕಲೆಗಟ್ಟಿದ ಮೇಲೆ ತಿಳಿದರೆ ತಡವಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿಯ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ನಾವು ಎಣ್ಣಿ ಹೊಡೆಯುತ್ತೇವೆ. ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಹಾಕಿ ಮಾಡದಲ್ಲಿ ಇಡುವವರು ಇದ್ದಾರೆ. ದಯವಿಟ್ಟು ಬೇಡ. ಕಂಪನಿಯ ಡಬ್ಬಿಯ ಮೇಲೆ ಒಂದು ಚೌಕದಲ್ಲಿ ಬಣ್ಣ ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಾಟಲಿ ಬದಲಿಸಿದರೆ ಆ ಬಣ್ಣವೂ ಹೋಯಿತು, ಹೆಸರೂ ಹೋಯಿತು. ಡಾಕ್ಟರು "ಏನ್ ಕುಡಿದಾರು?" ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಆಸ್ಪತ್ರೆಗೆ ಓಡುವಾಗ ಡಬ್ಬಿಯನ್ನೂ ಒಯ್ಯಿರಿ.

ಪ್ರಶ್ನೆಯ ಉಳಿದರ್ಧ ಈಗ. ರಾಕೆಟ್ಟಿನವರು ಹೈಡ್ರಜೀನ್ ಬಿಟ್ಟು ಬೇರೆ ದಾರಿ ಹುಡುಕುತ್ತಿದ್ದಾರೆಯೆ? ಹೌದು. ವಿಕಾಸ್ ಎಂಜಿನ್‌ನ ಜಾಗಕ್ಕೆ ಸೀಮೆಎಣ್ಣೆಯ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕದಿಂದ ಓಡುವ ದೊಡ್ಡ ಎಂಜಿನ್ನನ್ನು ಇಸ್ರೋ ಸಿದ್ಧಪಡಿಸುತ್ತಿದೆ. ಉಪಗ್ರಹಗಳಿಗೂ ಕಡಿಮೆ ವಿಷದ ಇಂಧನ ಬರುತ್ತಿದೆ. ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಎಂಬ ಹೊಸ ಕಂಪನಿಯ ಹುಡುಗರು ರುದ್ರ ಎಂಬ ಸಣ್ಣ ಎಂಜಿನ್ ಮಾಡಿದ್ದಾರೆ. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿಯಲ್ಲಿ ಅದನ್ನು ಕಳಿಸಿ ಅಂತರಿಕ್ಷದಲ್ಲೇ ಪರೀಕ್ಷಿಸಿದರು. ಬಾಯ್ಲರುಗಳಲ್ಲೂ ಈಗ ಎಷ್ಟೋ ಕಡೆ ಬೇರೆ ರಾಸಾಯನಿಕ ಬಂದಿದೆ. ಮುಂದಿನ ದಾರಿ ಹುಡುಕುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಮಾಡುವವರು ಈ ಶಾಲೆಯ ಬೆಂಚಿನ ಮೇಲೂ ಕೂತಿರಬಹುದು.

ಹೋಗುವ ಮುಂಚೆ ಕೆಲವು ಬೇಡಿಕೆ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದ ಐಟಿಐ, ಡಿಪ್ಲೊಮಾ, ಬಿ.ಎಸ್ಸಿ. ಮುಗಿಸಿ ಬಳ್ಳಾರಿ, ಕೊಪ್ಪಳ, ಗೋವಾ, ಗುಜರಾತ್ ಎಂದು ಕೆಲಸಕ್ಕೆ ಹೋಗುವ ಮಕ್ಕಳು ಮೊದಲ ದಿನವೇ ಮೂರು ವಿಷಯ ಕೇಳಿಕೊಳ್ಳಿರಿ. ಇಲ್ಲಿ ಬಳಸುವ ರಾಸಾಯನಿಕದ ಹೆಸರೇನು? ಅದರ ಸುರಕ್ಷತಾ ಹಾಳೆ ಎಲ್ಲಿದೆ? ಮೈಗೆ ತಾಗಿದರೆ ತೊಳೆಯುವ ನೀರಿನ ನಲ್ಲಿ ಎಲ್ಲಿದೆ? ಆ ಹಾಳೆ ಇಂಗ್ಲಿಷಿನಲ್ಲಿ ಇರುತ್ತದೆ. ಓದಲು ಬಾರದಿದ್ದರೆ ಫೋಟೊ ತೆಗೆದು ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಕಳಿಸಿರಿ. ಕನ್ನಡದಲ್ಲಿ ಬಿಡಿಸಿ ಹೇಳಲು ನನ್ನಂಥ ನಿವೃತ್ತರು ಇದ್ದೇವೆ, ನಮಗೂ ಹೊತ್ತು ಹೋಗಬೇಕಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘದವರಿಗೆ ಒಂದು ವಿನಂತಿ. ಪ್ರಯೋಗಾಲಯಕ್ಕೆಂದು ಕೂಡಿಸಿದ ಹಣದಲ್ಲಿ ಮೊದಲು ಒಂದು ಕಣ್ಣು ತೊಳೆಯುವ ನಲ್ಲಿ ಹಾಕಿಸೋಣ. ಆಸಿಡ್, ಮೈಲುತುತ್ತ, ಅಮೋನಿಯ ಎಲ್ಲದರ ಬಾಟಲಿಗೂ ಕನ್ನಡದಲ್ಲಿ ಹೆಸರು ಬರೆದು ಅಂಟಿಸೋಣ. ನಿನ್ನೆ ಗುರುಗಳ ಅಪ್ಪಣೆ ಪಡೆದು ಕಪಾಟು ನೋಡಿದೆ. ಹೆಸರು ಅಳಿಸಿಹೋದ ಬಾಟಲಿಗಳು ಹನ್ನೊಂದು ಇವೆ. ಅವನ್ನು ಯಾರೂ ತೆರೆಯುವುದೂ ಬೇಡ, ಮೂಸುವುದೂ ಬೇಡ. ಬೇರೆ ತೆಗೆದಿಟ್ಟು, ಗದಗಿನ ಕಾಲೇಜಿನ ರಸಾಯನಶಾಸ್ತ್ರದವರನ್ನು ಕರೆಸಿ ವಿಲೇವಾರಿ ಮಾಡಿಸೋಣ. ಉಳಿದ ಬಾಟಲಿಗಳಿಗೆ ಚೀಟಿ ಬರೆಯಲು ಬರುವ ಭಾನುವಾರ ಮುಂಜಾನೆ ಹತ್ತಕ್ಕೆ ನಾನು ಇಲ್ಲಿರುತ್ತೇನೆ. ಒಂಬತ್ತನೆಯ ಇಯತ್ತೆಯ ಮಕ್ಕಳಲ್ಲಿ ಅಕ್ಷರ ದುಂಡಗಿರುವವರು ನಾಲ್ಕು ಮಂದಿ ಬಂದರೆ ಸಾಕು.